ಗ್ರೂಪಿನಲ್ಲಿ ತಿದ್ದಿದ್ದಕ್ಕೆ ಚಿಕ್ಕಪ್ಪ ಮಾತು ಬಿಟ್ಟರೆ

ಅವರಿಗೆ ನೋವಾಗಿರುವುದು ಬಹುಶಃ ನೀವು ತಪ್ಪು ತೋರಿಸಿದ್ದಕ್ಕಲ್ಲ, ಎಲ್ಲರ ಮುಂದೆ ತೋರಿಸಿದ್ದಕ್ಕೆ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕವರು 'ಇದು ಸುಳ್ಳು ಸುದ್ದಿ' ಅಂದರೆ ಹಿರಿಯರಿಗೆ ಸುದ್ದಿಯ ಚಿಂತೆ ಇರುವುದಿಲ್ಲ. ಮಕ್ಕಳು, ಸೊಸೆಯಂದಿರು ಎಲ್ಲ ನೋಡಿದರಲ್ಲ ಅನ್ನುವುದೇ ಚುಚ್ಚುತ್ತದೆ.

ಮೊದಲು ಫೋನ್ ಮಾಡಿ. ಮೆಸೇಜ್ ಬೇಡ, ಅದರಿಂದ ಇನ್ನೊಂದು ಜಗಳ ಶುರುವಾಗುತ್ತದೆ. 'ಎಲ್ಲರೆದುರು ಹೇಳಬಾರದಿತ್ತು ಚಿಕ್ಕಪ್ಪ' ಅಂತ ಅಷ್ಟಕ್ಕೆ ಮಾತ್ರ ಕ್ಷಮೆ ಕೇಳಿ. ಸುದ್ದಿ ನಿಜ ಅಂತ ಒಪ್ಪಬೇಕಿಲ್ಲ. ಅವತ್ತು ವಾದಕ್ಕಂತೂ ಇಳಿಯಬೇಡಿ.

ಮುಂದಿನ ಸಲ ಅಂಥದ್ದು ಬಂದಾಗ ಅವರೊಬ್ಬರಿಗೇ ಬರೆಯಿರಿ. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ತೋರಿಸಿ. ಅದು ಕಡಿಮೆ ಅಂದರೂ 5 ಚಾಟ್ ದಾಟಿ ಬಂದಿದೆ ಅಂತ ಅರ್ಥ. ಸುಳ್ಳು ಅಂತಲೇ ಅಲ್ಲ, ಮೊದಲು ಬರೆದವರು ಎಲ್ಲೋ ದೂರ ಇದ್ದಾರೆ ಅಂತ ಅಷ್ಟೇ. ಹೀಗೆ ಹೇಳಿದರೆ ತಪ್ಪನ್ನು ಅವರ ತಲೆಗೆ ಕಟ್ಟಿದಂತಾಗುವುದಿಲ್ಲ. ನಮ್ಮ ಮಾವನ ಹತ್ತಿರ ನಡೆದದ್ದು ಇದೇ ಉಪಾಯ. ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ನಿಮ್ಮವರು ಹೇಗೋ!

ಆದರೆ 'ಮಾತ್ರೆ ಬಿಡಿ, ಇದನ್ನು ಕುಡಿಯಿರಿ' ಅನ್ನುವಂಥದ್ದಕ್ಕೆ ಕಾಯುತ್ತ ಕೂರಬೇಡಿ. ಅವರ ಹೆಸರೆತ್ತದೆ, 'ಡಾಕ್ಟರನ್ನು ಕೇಳದೆ ಯಾರೂ ಮಾತ್ರೆ ನಿಲ್ಲಿಸಬೇಡಿ' ಅಂತ ಗ್ರೂಪಿನಲ್ಲೇ ಹಾಕಿ. ಉಳಿದ ಗುಡ್ ಮಾರ್ನಿಂಗ್ ಹೂವುಗಳಿಗೆ ಮ್ಯೂಟ್ ಇದೆಯಲ್ಲ.