ಕೊನೆಯ ಉಸಿರಿನ ಆಚೆ ಈಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್, ಕೊನೆಯ ಹಂತ. ಮನೆಗೆ ಕರೆದುಕೊಂಡು ಹೋಗಿ ಅಂದಿದ್ದಾರೆ ಡಾಕ್ಟರು. ಎರಡು ದಿನದಿಂದ ಊಟವಿಲ್ಲ, ಗಂಟಲಲ್ಲಿ ಗೊರಗೊರ ಸದ್ದು. ಡ್ರಿಪ್ ಹಾಕಿಸದೆ ಉಪವಾಸ ಕೆಡವಿದ್ದೀರಿ ಅಂತ ನೆಂಟರು ಬೈಯುತ್ತಾರೆ. ಏನು ಮಾಡಲಿ? (ತಿಪಟೂರು)

ಉತ್ತರ: ನೀವು ತಪ್ಪು ಮಾಡುತ್ತಿಲ್ಲ. ಊಟ ಬಿಟ್ಟಿದ್ದಕ್ಕೆ ದೇಹ ಸೋಲುತ್ತಿದೆ ಎಂದು ನೆಂಟರು ತಿಳಿದಿದ್ದಾರೆ. ದೇಹ ಸೋಲುತ್ತಿರುವುದಕ್ಕೇ ಊಟ ಸೇರುತ್ತಿಲ್ಲ. ಮೂತ್ರಪಿಂಡ ನಿಧಾನವಾದ ಮೇಲೆ ಹಾಕಿದ ಡ್ರಿಪ್ ನೀರು ಹೊರಗೆ ಹೋಗದೆ ಕಾಲು ಬಾತುಕೊಳ್ಳುತ್ತದೆ, ಎದೆಯಲ್ಲಿ ನೀರು ನಿಂತು ಉಸಿರಾಟ ಇನ್ನೂ ಕಷ್ಟವಾಗುತ್ತದೆ. ಈ ಮಾತನ್ನು ನಿಮ್ಮ ಡಾಕ್ಟರ ಬಾಯಿಂದಲೇ ನೆಂಟರಿಗೆ ಒಮ್ಮೆ ಹೇಳಿಸಿ.

ಗೊರಗೊರ ಸದ್ದು ಕೇಳುವವರಿಗೆ ಸಂಕಟ, ಅರೆಪ್ರಜ್ಞೆಯಲ್ಲಿರುವ ಅಮ್ಮನಿಗೆ ಬಹುಶಃ ಅಷ್ಟಿಲ್ಲ. ನುಂಗಲಾಗದ ಜೊಲ್ಲು ಗಂಟಲಲ್ಲಿ ನಿಂತು ಉಸಿರಿನ ಜೊತೆ ಅಲ್ಲಾಡುವ ಸದ್ದು ಅದು. ಅಂಗಾತ ಮಲಗಿಸಬೇಡಿ. ಒಂದು ಪಕ್ಕಕ್ಕೆ ತಿರುಗಿಸಿ, ಬೆನ್ನಿಗೆ ಒಂದು ದಿಂಬು, ಮಂಡಿಗಳ ನಡುವೆ ಇನ್ನೊಂದು ಕೊಡಿ, ತಲೆ ತುಸು ಎತ್ತರವಿರಲಿ. ಎರಡು ಗಂಟೆಗೊಮ್ಮೆ ಪಕ್ಕ ಬದಲಿಸಿದರೆ ಹಾಸಿಗೆ ಹುಣ್ಣಿನ ಕಾಟವೂ ಕಡಿಮೆ. ಜೊಲ್ಲು ಕಡಿಮೆ ಮಾಡುವ ಇಂಜೆಕ್ಷನ್ ಇದೆ, ಡಾಕ್ಟರನ್ನು ಕೇಳಿ. ನೋವಿಗೆ ಮಾರ್ಫಿನ್ ಬರೆದಿದ್ದರೆ ಹೊತ್ತು ತಪ್ಪಿಸದೆ ಕೊಡಿ. ಮಾತ್ರೆ ನುಂಗಲಾಗದಿದ್ದರೆ ಬೇರೆ ದಾರಿ ಕೇಳಿ, ನೀವಾಗಿ ನಿಲ್ಲಿಸಬೇಡಿ.

ಇನ್ನು ಬಾಯಿಗೆ ನೀರು ಬಿಡುವ ವಿಚಾರ. ಬಂದವರೆಲ್ಲ ಒಂದೊಂದು ಚಮಚ ಗಂಗಾಜಲ, ಹಾಲು ಬಿಡುತ್ತಾರೆ. ಪ್ರೀತಿಯಿಂದಲೇ ಬಿಡುತ್ತಾರೆ, ಆದರೆ ನುಂಗುವ ಶಕ್ತಿ ಹೋದವರಿಗೆ ಅದು ನೇರ ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಿಸುತ್ತದೆ. ಶಾಸ್ತ್ರ ಬಿಡಬೇಕಾಗಿಲ್ಲ. ತುಳಸಿ ದಳ ಅದ್ದಿ ತುಟಿಗೆ ಸವರಿದರೆ ಸಾಕು. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಗಂಟೆಗೊಮ್ಮೆ ಒಸಡು, ನಾಲಿಗೆ ಒರೆಸಿ, ತುಟಿಗೆ ತುಸು ತುಪ್ಪ ಹಚ್ಚಿ. ಆಕ್ಸಿಜನ್ ಹಾಕಿದ್ದರೆ ಮಾತ್ರ ಎಣ್ಣೆ, ತುಪ್ಪ ಬೇಡ, ಬೆಂಕಿಯ ಅಪಾಯವಿದೆ.

ಮುಂದೆ ಪಾದ ತಣ್ಣಗಾಗುತ್ತದೆ, ಮಂಡಿಯ ಹತ್ತಿರ ಚರ್ಮದಲ್ಲಿ ನೀಲಿ ಮಚ್ಚೆ ಕಾಣುತ್ತದೆ, ಉಸಿರು ನಿಂತು ನಿಂತು ಬರುತ್ತದೆ. ಇದು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೊಂದು ಉಸಿರು ಬರಬಹುದು. ಆಗ ಎದೆ ಒತ್ತಬೇಡಿ, ಆಂಬುಲೆನ್ಸಿಗೆ ಓಡಬೇಡಿ. ಕೈ ಹಿಡಿದು ಮಾತಾಡಿ. ಕಿವಿ ಕೊನೆಯವರೆಗೂ ಕೇಳುತ್ತಿರಬಹುದು, ಆಸ್ತಿಯ ಮಾತು, ಜಗಳ ಆ ಕೋಣೆಯಲ್ಲಿ ಬೇಡ.

ಪ್ರಶ್ನೆ: ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವ ಪದ್ಧತಿ. ಅಪ್ಪನಿಗೆ ಕಣ್ಣು ದಾನ ಮಾಡುವ ಆಸೆ. ಕಣ್ಣು ತೆಗೆಯುವವರು ಬರುವಷ್ಟರಲ್ಲಿ ದೇಹ ಸೆಟೆದರೆ? (ಬಸವನ ಬಾಗೇವಾಡಿ)

ಉತ್ತರ: ಎರಡೂ ಆಗುತ್ತದೆ. ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಸಾವಾದ ಆರು ಗಂಟೆಯೊಳಗೆ ತೆಗೆಯಬೇಕು, ಬೇಗ ಆದಷ್ಟೂ ಒಳ್ಳೆಯದು. ಸೆಟೆಯುವುದು ರೆಪ್ಪೆ, ದವಡೆಯಿಂದ ಶುರುವಾಗಿ ಕೈಕಾಲಿಗೆ ಇಳಿಯುತ್ತದೆ. ಮೊದಲ ಒಂದೆರಡು ಗಂಟೆ ದೇಹ ಹೇಳಿದಂತೆ ಕೇಳುತ್ತದೆ. ನಿಮ್ಮ ಕಡೆಯ ಬಿಸಿಲಿನಲ್ಲಿ ಇನ್ನೂ ಬೇಗ ಬಿಗಿಯಬಹುದು.

ಹಾಗಾಗಿ ಮೊದಲು ಕಣ್ಣಿನ ಬ್ಯಾಂಕಿಗೆ ಫೋನು. ಅದರ ನಂಬರನ್ನು ಇವತ್ತೇ ಗೋಡೆಗೆ ಅಂಟಿಸಿಡಿ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ, ಗಾಳಿಗೆ ಕಣ್ಣು ಒಣಗುವುದೇ ದೊಡ್ಡ ತೊಂದರೆ. ತಲೆಯ ಕೆಳಗೆ ದಿಂಬಿರಲಿ. ಅಷ್ಟರಲ್ಲೇ ಕಾಲು ಮಡಚಿ ಮೆತ್ತನೆ ಬಟ್ಟೆಯಿಂದ ಕಟ್ಟಿ, ದವಡೆಗೂ ಒಂದು ಪಟ್ಟಿ ಕಟ್ಟಿ, ಬೆನ್ನಿಗೆ ಆಸರೆ ಕೊಟ್ಟು ಒರಗಿಸಿ. ಕೂರಿಸುವ ಪದ್ಧತಿಯಿದೆ ಎಂದು ಫೋನಿನಲ್ಲೇ ಹೇಳಿಬಿಡಿ. ಕೆಲಸ ಸುಮಾರು ಅರ್ಧ ಗಂಟೆಯದು, ಮುಖ ವಿಕಾರವಾಗುವುದಿಲ್ಲ. ಹಾಗೂ ಸೆಟೆದುಬಿಟ್ಟರೆ ಜೋರಾಗಿ ಎಳೆಯಬೇಡಿ. ಒಂದೊಂದೇ ಕೀಲನ್ನು ನಿಧಾನವಾಗಿ ಬಗ್ಗಿಸಿ, ವಯಸ್ಸಾದವರ ಮೂಳೆ ಮುರಿಯುವುದುಂಟು.

ಕನ್ನಡಕ, ಸಕ್ಕರೆ ಕಾಯಿಲೆ, ಪೊರೆಯ ಆಪರೇಷನ್ ಯಾವುದೂ ಅಡ್ಡಿಯಲ್ಲ. ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ ವೈರಸ್, ರೇಬೀಸ್ ಇದ್ದರೆ ತೆಗೆದುಕೊಳ್ಳುವುದಿಲ್ಲ. ಪ್ರತಿಜ್ಞಾಪತ್ರ ಬರೆದಿದ್ದರೂ ಆ ಹೊತ್ತಿಗೆ ಮನೆಯವರು ಒಪ್ಪಿ ಸಹಿ ಹಾಕದಿದ್ದರೆ ಕಣ್ಣು ಮಣ್ಣಿಗೇ. ಅಪ್ಪ ಇರುವಾಗಲೇ ಎಲ್ಲ ಮಕ್ಕಳನ್ನೂ ಕೂರಿಸಿ ಮಾತಾಡಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಮನೆಯವರು ಆ ದುಃಖದಲ್ಲೂ ತಡಮಾಡಲಿಲ್ಲ. ಅವರ ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ಹಾಕಲಾಯಿತು.

ಪ್ರಶ್ನೆ: ತಾತನಿಗೆ ಪೇಸ್‌ಮೇಕರ್ ಇದೆ. ಸುಡುವ ಮುನ್ನ ತೆಗೆಸಬೇಕೇ? (ಮೈಸೂರು)

ಉತ್ತರ: ತೆಗೆಸಲೇಬೇಕು. ಒಳಗಿನ ಲಿಥಿಯಂ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ, ವಿದ್ಯುತ್ ಚಿತಾಗಾರದ ಕುಲುಮೆ ಹಾಳಾಗುತ್ತದೆ, ಹತ್ತಿರ ನಿಂತವರಿಗೂ ಅಪಾಯ. ಕಾಲರ್ ಮೂಳೆಯ ಕೆಳಗೆ ಚರ್ಮದಡಿ ಇರುವುದರಿಂದ ಸಣ್ಣ ಗಾಯ ಸಾಕು. ಅದನ್ನು ಡಾಕ್ಟರೇ ಮಾಡಲಿ. ಹೂಳುವವರಿಗೆ ಈ ತೊಂದರೆಯಿಲ್ಲ.

ಪ್ರಶ್ನೆ: ವೆಂಟಿಲೇಟರ್ ಮೇಲೆ ತಿಂಗಳುಗಟ್ಟಲೆ ಇರಲು ನನಗಿಷ್ಟವಿಲ್ಲ. ಬರೆದಿಟ್ಟರೆ ನಡೆಯುತ್ತದೆಯೇ? ಮಕ್ಕಳು ಅಮೆರಿಕದಲ್ಲಿದ್ದಾರೆ. (ಶಿವಮೊಗ್ಗ)

ಉತ್ತರ: ನಡೆಯುತ್ತದೆ. ಈ ಹಕ್ಕಿನ ಹಿಂದೆ ಹೊನ್ನಾವರದ ಹಳದೀಪುರದ ಒಬ್ಬ ಹೆಣ್ಣುಮಗಳ ನೋವಿದೆ. ಮುಂಬೈಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ 1973ರ ದಾಳಿಯ ನಂತರ 2015ರವರೆಗೂ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿದರು. ಅವರ ಪ್ರಕರಣದಲ್ಲಿ 2011ರಲ್ಲಿ ಶುರುವಾದ ವಿಚಾರ 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಜೀವಂತ ಉಯಿಲಿನ ರೂಪ ಪಡೆಯಿತು. 2023ರಲ್ಲಿ ಕೋರ್ಟ್ ವಿಧಾನವನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಆದೇಶ ಹೊರಡಿಸಿತು.

ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಬಿಡಿಸಿ ಬರೆಯಿರಿ. ‘ಸುಮ್ಮನೆ ಎಳೆದಾಡಬೇಡಿ’ ಅಂತ ಬರೆದರೆ ಡಾಕ್ಟರಿಗೆ ಪ್ರಯೋಜನವಿಲ್ಲ. ವೆಂಟಿಲೇಟರ್, ಡಯಾಲಿಸಿಸ್, ಎದೆ ಒತ್ತುವುದು ಎಂದು ಹೆಸರಿಸಿ. ನಿಮ್ಮ ಪರ ಮಾತಾಡುವವರ ಹೆಸರು ಹಾಕಿ. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು, ಒಬ್ಬರಾದರೂ ಶಿವಮೊಗ್ಗದಲ್ಲೇ ಇರುವವರಾಗಿರಲಿ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. ಮನೆಯ ಡಾಕ್ಟರಿಗೆ, ಮಕ್ಕಳಿಗೆ ಪ್ರತಿ ಕೊಡಿ. ಬ್ಯಾಂಕಿನ ಲಾಕರಿನಲ್ಲಿಟ್ಟ ಉಯಿಲು ರಾತ್ರಿ ಎರಡು ಗಂಟೆಗೆ ಐಸಿಯು ಬಾಗಿಲಿಗೆ ಬರುವುದಿಲ್ಲ.

ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ. ಗುಣವಾಗುವ ಆಸೆಯಿಲ್ಲದೆ, ನೀವೇ ನಿರ್ಧಾರ ಹೇಳಲಾಗದ ಸ್ಥಿತಿಗೆ ಬಂದಾಗ ಮಾತ್ರ ಜಾರಿಗೆ ಬರುತ್ತದೆ. ಆಸ್ಪತ್ರೆಯ ಮೂವರು ಡಾಕ್ಟರ ಮಂಡಳಿ, ಅದರ ಮೇಲೆ ಇನ್ನೂ ಮೂವರ ಎರಡನೇ ಮಂಡಳಿ ಒಪ್ಪಬೇಕು. ನೋವು ಕಳೆಯುವ ಆರೈಕೆ ನಿಲ್ಲುವುದಿಲ್ಲ. ಮನಸ್ಸು ಬದಲಾದರೆ ಉಯಿಲು ರದ್ದು ಮಾಡಬಹುದು.

ಪ್ರಶ್ನೆ: ಮನೆಯಲ್ಲಿ ತೀರಿಕೊಂಡರೆ ಮರಣ ಪತ್ರ ಹೇಗೆ? (ಚನ್ನರಾಯಪಟ್ಟಣ)

ಉತ್ತರ: ಕೊನೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ಡಾಕ್ಟರಿಂದ ಸಾವಿನ ಕಾರಣ ತಿಳಿಸುವ ನಮೂನೆ 4ಎ ಬರೆಸಿಕೊಳ್ಳಿ, ಅದಕ್ಕೆ ಅವರು ಶುಲ್ಕ ಕೇಳುವಂತಿಲ್ಲ. ಕಾರಣದ ಜಾಗದಲ್ಲಿ ಬರೀ ‘ಹೃದಯಸ್ತಂಭನ’ ಎಂದು ಬರೆಯುವುದು ತಪ್ಪು. ಯಾರೇ ಸತ್ತರೂ ಕೊನೆಗೆ ಹೃದಯ ನಿಲ್ಲುತ್ತದೆ, ಅದನ್ನು ನಿಲ್ಲಿಸಿದ ಕಾಯಿಲೆಯ ಹೆಸರು ಅಲ್ಲಿರಬೇಕು. ಅಪಘಾತ, ಆತ್ಮಹತ್ಯೆ, ಅನುಮಾನ ಇದ್ದರೆ ದೇಹ ಮುಟ್ಟುವ ಮೊದಲು ಪೊಲೀಸರಿಗೆ ತಿಳಿಸಿ.

21 ದಿನದೊಳಗೆ ನೋಂದಾಯಿಸಿ. 30 ದಿನದವರೆಗೆ ದಂಡ ಶುಲ್ಕದಲ್ಲಿ ಮುಗಿಯುತ್ತದೆ, ಆಮೇಲೆ ಸ್ವಯಂ ದೃಢೀಕರಿಸಿದ ದಾಖಲೆ, ಮೇಲಧಿಕಾರಿಯ ಅನುಮತಿ ಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡವರ ಪತ್ರಕ್ಕೆ ಊರಿನ ಪಂಚಾಯಿತಿಗೆ ಅಲೆದು ಫಲವಿಲ್ಲ. ಅರ್ಜಿ ಬರೆಯುವಾಗ ಆಧಾರ್, ಪಹಣಿ, ಪಾಸ್‌ಬುಕ್ ಮೂರನ್ನೂ ಪಕ್ಕದಲ್ಲಿಟ್ಟು ಹೆಸರು ತಾಳೆ ನೋಡಿ. ಒಂದರಲ್ಲಿ ‘ರಂಗಪ್ಪ’, ಇನ್ನೊಂದರಲ್ಲಿ ‘ರಂಗೇಗೌಡ’ ಅಂತ ಇದ್ದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಅಲ್ಲೇ ನಿಲ್ಲುತ್ತದೆ.