ಎರಡೆರಡು ಸಲ ದುಡ್ಡು ಕಟ್ ಆಗುವುದಕ್ಕೆ ದೊಡ್ಡ ಸರ್ವರ್ ಮದ್ದಲ್ಲ

ಒಂದು ಪ್ರಶ್ನೆ ಈ ಅಂಕಣಕ್ಕೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅದನ್ನು ಕೇಳುವವರಿಗೆ ಹೊರಗೆ ಸಿಕ್ಕಿರುವ ಸಲಹೆಯೂ ಪ್ರತಿ ಸಲ ಒಂದೇ, ಪ್ರತಿ ಸಲ ತಪ್ಪು. ಹಾಗಾಗಿ ಈ ಸಲ ಜಾಗದ ಬಹುಪಾಲು ಅದಕ್ಕೇ. ಸರ್ವರ್ ಎಂದರೇನು, ಎಪಿಐ ಎಂದರೇನು ಎನ್ನುವಲ್ಲಿಂದ ಶುರು ಮಾಡುವುದಿಲ್ಲ.

ಪ್ರಶ್ನೆ: ನಮ್ಮದು ಆರ್ಡರ್ ತೆಗೆದುಕೊಳ್ಳುವ ಸಣ್ಣ ಆಪ್. ಆಫೀಸ್ ವೈಫೈನಲ್ಲಿ ಟೆಸ್ಟ್ ಮಾಡಿದರೆ ಏನೂ ತೊಂದರೆ ಇಲ್ಲ. ಆದರೆ ಕೆಲವು ಗ್ರಾಹಕರಿಗೆ ಒಂದೇ ಆರ್ಡರ್ ಎರಡು ಸಲ ಬಿದ್ದು, ದುಡ್ಡೂ ಎರಡು ಸಲ ಕಟ್ ಆಗುತ್ತಿದೆ. ಸರ್ವರ್ ಸಾಲುತ್ತಿಲ್ಲ, ದೊಡ್ಡದಕ್ಕೆ ಹೋಗಿ, ಆಟೋ ಸ್ಕೇಲಿಂಗ್ (ಕೆಲಸ ಹೆಚ್ಚಾದಾಗ ತಾನಾಗಿಯೇ ಸರ್ವರುಗಳನ್ನು ಸೇರಿಸುವ ವ್ಯವಸ್ಥೆ) ಹಾಕಿ ಎಂದು ಕನ್ಸಲ್ಟೆಂಟ್ ಒಬ್ಬರು ಹೇಳಿದ್ದಾರೆ. ಹಾಕಬಹುದಾ?

ಬೇಡ. ಮೊದಲು ಒಂದು ಕೆಲಸ ಮಾಡಿ. ಗ್ರಾಹಕರಿಂದ ನಿಮಗೆ ದುಡ್ಡು ತಲುಪಿಸುವ ಪೇಮೆಂಟ್ ಗೇಟ್‌ವೇ ಕೊಡುವ ಪಟ್ಟಿಯನ್ನು ನಿಮ್ಮ ಆರ್ಡರ್ ಟೇಬಲ್ ಜೊತೆ ಇಟ್ಟು ನೋಡಿ. ಯಾರ ದುಡ್ಡು ಎರಡು ಸಲ ಹೋಗಿದೆಯೋ ಅವರಿಗೆ ಇವತ್ತೇ ವಾಪಸ್ ಕೊಡಿ. ಅವರು ದೂರು ಕೊಡಲಿ ಎಂದು ಕಾಯಬೇಡಿ. ಎಷ್ಟೋ ಜನ ದೂರು ಕೊಡುವುದೇ ಇಲ್ಲ, ಸುಮ್ನೆ ಆಪ್ ಅಳಿಸಿ ಹೋಗುತ್ತಾರೆ.

ಈಗ ಕಾರಣಕ್ಕೆ ಬರೋಣ. ಗ್ರಾಹಕ ಬಟನ್ ಒತ್ತುತ್ತಾನೆ. ರಿಕ್ವೆಸ್ಟ್ ಸರ್ವರ್ ಮುಟ್ಟುತ್ತದೆ. ಸರ್ವರ್ ಆರ್ಡರ್ ಬರೆದುಕೊಂಡು, ದುಡ್ಡು ತೆಗೆದುಕೊಂಡು, ಉತ್ತರ ಕಳಿಸುತ್ತದೆ. ಅಷ್ಟರಲ್ಲಿ ಅವನು ಲಿಫ್ಟ್ ಹತ್ತಿದ್ದಾನೆ, ಇಲ್ಲವೇ ಫೋನ್ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹೊರಳಿದೆ. ಉತ್ತರ ಬರಲೇ ಇಲ್ಲ. ಆಪ್ ಕಾದು ಕಾದು ಟೈಮ್‌ಔಟ್ ಆಗಿ ‘ಮತ್ತೆ ಪ್ರಯತ್ನಿಸಿ’ ಎಂದು ತೋರಿಸುತ್ತದೆ. ಅವನು ಮತ್ತೆ ಒತ್ತುತ್ತಾನೆ. ಕೆಲವೊಮ್ಮೆ ನಿಮ್ಮ ನೆಟ್‌ವರ್ಕ್ ಲೈಬ್ರರಿಯೇ ಯಾರನ್ನೂ ಕೇಳದೆ ಮತ್ತೆ ಕಳಿಸಿಬಿಡುತ್ತದೆ. ಸರ್ವರ್ ಪಾಲಿಗೆ ಅದು ಹೊಸ ಆರ್ಡರ್. ಈ ಪೂರ್ತಿ ಕತೆಯಲ್ಲಿ ಸರ್ವರ್‌ಗೆ ಸುಸ್ತಾದದ್ದು ಎಲ್ಲಿ ಹೇಳಿ? ಒಂದೇ ಒಂದು ರಿಕ್ವೆಸ್ಟಿನ ಲಾಗ್ ಕೂಡ ನೋಡದೆ ಸಲಹೆ ಕೊಡುವವರಿಗೆ ಫೀಸ್ ಕೊಡಬೇಡಿ.

ಉತ್ತರ ಬರದಿದ್ದಾಗ ಫೋನ್‌ಗೆ ಗೊತ್ತಿರುವುದು ಅದೊಂದೇ, ಉತ್ತರ ಬಂದಿಲ್ಲ ಎನ್ನುವುದು. ರಿಕ್ವೆಸ್ಟ್ ದಾರಿಯಲ್ಲೇ ಕಳೆದಿರಬಹುದು. ಕೆಲಸ ಅರ್ಧಕ್ಕೆ ನಿಂತಿರಬಹುದು. ಎಲ್ಲ ಮುಗಿದು ಉತ್ತರ ಮಾತ್ರ ಕಳೆದಿರಬಹುದು. ಫೋನ್ ಕಡೆಯಿಂದ ನೋಡಿದರೆ ಮೂರೂ ಒಂದೇ ಥರ. ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ಓಡುತ್ತಿದ್ದಾಗ ಈ ಗೊಂದಲ ಕಡಿಮೆ ಇತ್ತು. ಫಂಕ್ಷನ್ ಉತ್ತರ ಕೊಡುತ್ತಿತ್ತು, ಇಲ್ಲವೇ ಪ್ರೋಗ್ರಾಮೇ ಬಿದ್ದುಹೋಗುತ್ತಿತ್ತು. 2006ರಲ್ಲಿ ಅಮೆಜಾನ್ ತನ್ನ ಸರ್ವರುಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರು ಮಾಡಿತು. 2008ರಲ್ಲಿ ಆಪಲ್‌ನ ಆಪ್ ಸ್ಟೋರ್ ಬಂತು. ಅಲ್ಲಿಂದಾಚೆಗೆ ಸಣ್ಣ ತಂಡದವರ ಪ್ರೋಗ್ರಾಮ್ ಕೂಡ ಎರಡು ತುಂಡಾಗಿ, ಒಂದು ತುಂಡು ಗ್ರಾಹಕನ ಜೇಬಿನಲ್ಲಿ, ಇನ್ನೊಂದು ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿ ಕೂತಿದೆ. ನಡುವಿನ ನೆಟ್‌ವರ್ಕ್ ನಂಬಿಕಸ್ತ ಎಂದುಕೊಳ್ಳುವುದೇ ಮೊದಲ ತಪ್ಪು ಎಂದು ಸನ್ ಮೈಕ್ರೋಸಿಸ್ಟಮ್ಸ್‌ನ ಪೀಟರ್ ಡಾಯ್ಚ್ 1994ರಲ್ಲೇ ಪಟ್ಟಿ ಮಾಡಿದ್ದರು. ಇಷ್ಟು ಹಳೆಯ ಮಾತನ್ನು ಇವತ್ತಿನ ಕೋರ್ಸುಗಳು ಹೇಳಿಕೊಡದಿರುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಪರಿಹಾರಕ್ಕೆ ಐಡೆಂಪೊಟೆನ್ಸಿ ಕೀ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಒಂದು ಆರ್ಡರಿಗೆ ಒಂದೇ ಗುರುತು, ಅದು ಎಷ್ಟು ಸಲ ಬಂದರೂ ಕೆಲಸ ಆಗುವುದು ಒಂದೇ ಸಲ, ಅಷ್ಟೇ. ಗ್ರಾಹಕ ಖಾತರಿ ಮಾಡುವ ಪರದೆಗೆ ಬಂದಾಗಲೇ ಫೋನ್ ಒಳಗೆ ಒಂದು ಯುಯುಐಡಿ, ಅಂದರೆ ಬೇರೆ ಯಾವುದಕ್ಕೂ ಹೊಂದದ ಉದ್ದನೆಯ ಗುರುತು, ಹುಟ್ಟಿಸಿ. ಪ್ರತಿ ಸಲ ಬಟನ್ ಒತ್ತಿದಾಗ ಹೊಸದು ಹುಟ್ಟಿಸಿದರೆ ಉಪಯೋಗವಿಲ್ಲ. ಕಳಿಸುವ ಮೊದಲೇ ಅದನ್ನು ಫೋನ್‌ನ ಡೇಟಾಬೇಸಿನಲ್ಲಿ ಬರೆದಿಡಿ. ಮೆಮೊರಿ ಸಾಲದೆ ಆಂಡ್ರಾಯ್ಡ್ ನಿಮ್ಮ ಆಪನ್ನು ಮುಚ್ಚಿದರೂ ಕೀ ಉಳಿಯಬೇಕು. ಎಷ್ಟು ಸಲ ಮರುಕಳಿಸಿದರೂ ಅದೇ ಕೀ ಹೋಗಲಿ. ಬುಟ್ಟಿಯಲ್ಲಿನ ವಸ್ತು ಬದಲಾದರೆ, ಅಥವಾ ಬ್ಯಾಂಕ್ ಕಾರ್ಡನ್ನು ನಿರಾಕರಿಸಿದೆ ಎಂದು ಖಚಿತ ಉತ್ತರ ಬಂದರೆ ಮಾತ್ರ ಹೊಸ ಕೀ.

ಸರ್ವರ್ ಕಡೆ ಆ ಕೀ ಇರುವ ಕಾಲಂಗೆ ಯುನಿಕ್ ಕನ್‌ಸ್ಟ್ರೇಂಟ್ ಹಾಕಿ, ಅಂದರೆ ಒಂದೇ ಕೀ ಎರಡು ಸಾಲಿನಲ್ಲಿ ಬರದಂತೆ ಡೇಟಾಬೇಸೇ ತಡೆಯಲಿ. ಅದೇ ಕೀ ಎರಡನೇ ಸಲ ಬಂದರೆ ಮೊದಲ ಸಲದ ಉತ್ತರವನ್ನೇ ವಾಪಸ್ ಕೊಡಿ. ‘ಮೊದಲು ಇದೆಯಾ ನೋಡುತ್ತೇವೆ, ಇಲ್ಲದಿದ್ದರೆ ಸೇರಿಸುತ್ತೇವೆ’ ಎನ್ನುವ ಕೋಡ್ ಸಾಕಾಗುವುದಿಲ್ಲ. ಎರಡು ರಿಕ್ವೆಸ್ಟ್ ಒಂದೇ ಹೊತ್ತಿಗೆ ಬಂದರೆ ಎರಡಕ್ಕೂ ‘ಇಲ್ಲ’ ಎಂದೇ ಕಾಣುತ್ತದೆ. ಒಂದೇ ಸರ್ವರ್ ಇದ್ದಾಗ ಮೆಮೊರಿಯಲ್ಲಿ ಲಾಕ್ ಹಾಕಿ, ಒಂದು ಮುಗಿಯುವವರೆಗೆ ಇನ್ನೊಂದನ್ನು ಕಾಯಿಸಿ, ಹೇಗೋ ಬಚಾವಾಗಿರುತ್ತೀರಿ. ಆಟೋ ಸ್ಕೇಲಿಂಗ್ ಹಾಕಿದ ಮೇಲೆ ಆ ಎರಡು ರಿಕ್ವೆಸ್ಟ್ ಎರಡು ಬೇರೆ ಸರ್ವರಿಗೆ ಹೋಗಬಹುದು, ಆಗ ಆ ಲಾಕೂ ಇಲ್ಲ. ಅಂದರೆ ನಿಮಗೆ ಸಿಕ್ಕ ಸಲಹೆಯಿಂದ ತೊಂದರೆ ಇನ್ನೂ ಜಾಸ್ತಿಯಾಗಬಹುದು. ಗೇಟ್‌ವೇಗೂ ಇದೇ ಕೀ ಕಳಿಸಿ. ಸ್ಟ್ರೈಪ್‌ನಂಥ ಗೇಟ್‌ವೇಗಳು ಇದಕ್ಕೆಂದೇ ರಿಕ್ವೆಸ್ಟಿನ ತಲೆಬರಹದಲ್ಲಿ ಒಂದು ಜಾಗ, ಅಂದರೆ ಹೆಡರ್, ಇಟ್ಟಿವೆ.

ಎರಡು ಅಡ್ಡದಾರಿಗಳನ್ನು ಯಾರೋ ಹೇಳಿಯೇ ಹೇಳುತ್ತಾರೆ. ಒತ್ತಿದ ಮೇಲೆ ಬಟನ್ ಮಂಕು ಮಾಡುವುದು ಒಂದು. ಮಾಡಿ, ಆದರೆ ಅದು ತಡೆಯುವುದು ಅವಸರದ ಎರಡನೇ ಒತ್ತನ್ನು ಮಾತ್ರ. ಇನ್ನೊಂದು, ಒಂದೇ ನಿಮಿಷದಲ್ಲಿ ಅದೇ ಮೊತ್ತದ ಆರ್ಡರ್ ಬಂದರೆ ನಕಲಿ ಎಂದು ಎಸೆಯುವುದು. ಇದನ್ನು ಖಂಡಿತ ಮಾಡಬೇಡಿ. ಬೇಕೆಂದೇ ಎರಡು ಸಲ ಕೊಳ್ಳುವವರಿದ್ದಾರೆ. ಅವರ ಆರ್ಡರ್ ಸದ್ದಿಲ್ಲದೆ ಮಾಯವಾಗುತ್ತದೆ.

ಮರುಪ್ರಯತ್ನಕ್ಕೂ ಶಿಸ್ತು ಬೇಕು. ಎಲ್ಲ ಫೋನುಗಳೂ ಸರಿಯಾಗಿ 5 ಸೆಕೆಂಡಿಗೊಮ್ಮೆ ಮುಗಿಬಿದ್ದರೆ, ಈಗಷ್ಟೇ ಎದ್ದ ಸರ್ವರ್ ಮತ್ತೆ ಮಲಗುತ್ತದೆ. ಪ್ರತಿ ಸಲ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡುತ್ತಾ ಹೋಗಿ, ಅದರಲ್ಲಿ ಸ್ವಲ್ಪ ಏರುಪೇರೂ ಇರಲಿ. ರಿಕ್ವೆಸ್ಟೇ ತಪ್ಪು ಎಂದು ಸರ್ವರ್ 400 ಎಂಬ ತಪ್ಪಿನ ಸಂಖ್ಯೆ ಕೊಟ್ಟಿದ್ದರೆ ಮತ್ತೆ ಕಳಿಸಲೇಬೇಡಿ.

ಇನ್ನು, ತಂಡಗಳು ಜಾಸ್ತಿ ಎಡವುವ ಜಾಗ. ಸರ್ವರ್ ಕೋಡನ್ನು ಇವತ್ತು ಬೆಳಿಗ್ಗೆ ಬದಲಿಸಿ ಮಧ್ಯಾಹ್ನ ವಾಪಸ್ ತೆಗೆಯಬಹುದು. ಫೋನಿಗೆ ಹೋದ ಕೋಡನ್ನು ವಾಪಸ್ ತೆಗೆಯಲಾಗದು. ಆಪ್ ಸ್ಟೋರಿನಲ್ಲಿ ಹಂತ ಹಂತವಾಗಿ ಬಿಡುವ ಸೌಲಭ್ಯವಿದೆ. 7 ದಿನದಲ್ಲಿ 1, 2, 5, 10, 20, 50, ಕೊನೆಗೆ 100 ಶೇಕಡ ಜನರಿಗೆ ಆಟೋ ಅಪ್‌ಡೇಟ್ ಹೋಗುತ್ತದೆ. ನಡುವೆ ತಡೆಹಿಡಿಯಬಹುದು, ಅಷ್ಟೇ. ಆಗಲೇ ತಲುಪಿದ ಫೋನಿನಲ್ಲಿ ಅದು ಇದ್ದೇ ಇರುತ್ತದೆ. ಅಪ್‌ಡೇಟ್ ಮಾಡಿಕೊಳ್ಳದೆ ತಿಂಗಳುಗಟ್ಟಲೆ ಹಳೆಯದನ್ನೇ ಬಳಸುವವರೂ ಇರುತ್ತಾರೆ. ಹಾಗಾಗಿ ಕೀ ಇಲ್ಲದೆ ಬರುವ ಹಳೆ ಆಪಿನ ರಿಕ್ವೆಸ್ಟನ್ನು ಸರ್ವರ್ ತುಂಬಾ ದಿನ ಸಹಿಸಿಕೊಳ್ಳಬೇಕು. ಆಪ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಎಪಿಐಗೆ ಹೊಸ ಫೀಲ್ಡ್ ಸೇರಿಸಿ, ಇರುವುದರ ಹೆಸರು ಬದಲಿಸಬೇಡಿ, ತೆಗೆಯಬೇಡಿ. ಇದಕ್ಕಿಂತ ಹಳೆಯ ಆವೃತ್ತಿ ನಡೆಯುವುದಿಲ್ಲ ಎಂದು ಸರ್ವರ್ ಹೇಳುವ ವ್ಯವಸ್ಥೆ ಮೊದಲ ಬಿಡುಗಡೆಯಲ್ಲೇ ಇರಲಿ. ಆಮೇಲೆ ಸೇರಿಸಿದರೆ ಆಗಲೇ ಹೊರಗಿರುವ ಆಪುಗಳಿಗೆ ಅದು ಗೊತ್ತೇ ಇರುವುದಿಲ್ಲ.

ಟೆಸ್ಟ್ ಹೀಗೆ ಮಾಡಿ. ಟೆಸ್ಟ್ ಸರ್ವರಿನಲ್ಲಿ ಆರ್ಡರ್ ಬರೆದ ಮೇಲೆ, ಉತ್ತರ ಕೊಡದೆ ಕನೆಕ್ಷನ್ ಕಡಿಯುವ ಹಾಗೆ ಕೋಡ್ ಹಾಕಿ. ನಿಜವಾದ ಒಂದು ಹಳೆ ಫೋನಿನಲ್ಲಿ ಬಟನ್ ಒತ್ತಿ, ಆಪನ್ನು ಪೂರ್ತಿ ಮುಚ್ಚಿ ತೆರೆದು, ಮತ್ತೆ ಒತ್ತಿ. ಟೇಬಲ್‌ನಲ್ಲಿ ಒಂದೇ ಸಾಲು ಇರಬೇಕು. ಆಫೀಸ್ ವೈಫೈನಲ್ಲಿ ಎಮ್ಯುಲೇಟರ್ (ಕಂಪ್ಯೂಟರಿನಲ್ಲೇ ಓಡುವ ನಕಲು ಫೋನ್) ಓಡಿಸಿ ಸರಿಯಿದೆ ಎಂದರೆ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಡೇಟಾ ಕ್ಲೌಡಿನಲ್ಲೇ ಇದೆ. ಬೇರೆ ಬ್ಯಾಕಪ್ ಯಾಕೆ?

ಕ್ಲೌಡ್ ಖಾತೆಗೆ ನುಗ್ಗಿದವನಿಗೆ ಅಳಿಸುವ ಅಧಿಕಾರವೂ ಸಿಗುತ್ತದಲ್ವಾ? ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ಖಾತೆಗೆ 2014ರ ಜೂನ್‌ನಲ್ಲಿ ಒಬ್ಬ ಹೀಗೆ ನುಗ್ಗಿ, ಡೇಟಾ ಮತ್ತು ಬ್ಯಾಕಪ್‌ಗಳಲ್ಲಿ ಬಹುಪಾಲನ್ನು ಅಳಿಸಿಹಾಕಿದ. ಕಂಪನಿ ಮುಚ್ಚಿತು. ಬ್ಯಾಕಪ್ ಬೇರೆ ಖಾತೆಯಲ್ಲಿರಲಿ, ಪಾಸ್‌ವರ್ಡೂ ಬೇರೆ ಇರಲಿ. ಆ ಬ್ಯಾಕಪ್‌ನಿಂದ ಡೇಟಾವನ್ನು ಮತ್ತೆ ಎಬ್ಬಿಸಿ ನೋಡುತ್ತಲೂ ಇರಿ. 2017ರ ಜನವರಿ ಕೊನೆಗೆ, ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಕೈತಪ್ಪಿ ಡೇಟಾಬೇಸ್ ಅಳಿಸಿಹೋದಾಗ, ಬ್ಯಾಕಪ್ ವ್ಯವಸ್ಥೆಗಳು ಕೆಲಸ ಮಾಡುತ್ತಿರಲಿಲ್ಲ ಎಂದು ಗೊತ್ತಾದದ್ದೇ ಆವತ್ತು. ಸುಮಾರು 6 ಗಂಟೆಯ ಡೇಟಾ ಹೋಯಿತು.

ಪ್ರಶ್ನೆ: ಇಬ್ಬರೇ ಡೆವಲಪರ್, ಒಂದೇ ಆಪ್. ಹಲವು ಸರ್ವರುಗಳ ಮೇಲೆ ಪ್ರೋಗ್ರಾಮುಗಳನ್ನು ನಿಭಾಯಿಸುವ ಕುಬರ್ನೆಟೀಸ್ ಹಾಕೋಣವೇ?

ಬೇಡ.

ಪ್ರಶ್ನೆ: ಆಪ್ ಬರೆಯಲು ಫ್ಲಟರ್ ಒಳ್ಳೆಯದಾ, ರಿಯಾಕ್ಟ್ ನೇಟಿವ್ ಒಳ್ಳೆಯದಾ?

ನಿಮ್ಮ ತಂಡಕ್ಕೆ ಯಾವುದು ಗೊತ್ತೋ ಅದು.

ಪ್ರಶ್ನೆ: ‘15 ದಿನದಲ್ಲಿ ಕ್ಲೌಡ್ ಎಕ್ಸ್‌ಪರ್ಟ್, ಕೆಲಸ ಗ್ಯಾರಂಟಿ’ ಎಂಬ ಕೋರ್ಸ್ ಸೇರಬಹುದಾ?

ದುಡ್ಡು ಉಳಿಸಿಕೊಳ್ಳಿ. ಕೆಲಸ ಗ್ಯಾರಂಟಿ ಎನ್ನುವವರ ಹತ್ತಿರ ಹೋಗಲೇಬೇಡಿ.

ಪ್ರಶ್ನೆ: ಬೇರೆ ಸೇವೆಗಳನ್ನು ಬಳಸಲು ಬೇಕಾದ ಸೀಕ್ರೆಟ್ ಕೀಯನ್ನು ಆಪ್ ಒಳಗೇ ಇಟ್ಟು, ಓದಲು ಕಷ್ಟವಾಗುವಂತೆ ಕೋಡ್ ಗೋಜಲು ಮಾಡಿದರೆ ಸಾಕಲ್ವಾ?

ಸಾಲದು. ಆಂಡ್ರಾಯ್ಡ್ ಆಪ್ ಬರುವ ಎಪಿಕೆ ಫೈಲನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಕೀ ಸರ್ವರಿನಲ್ಲೇ ಇರಬೇಕು, ಆಪ್ ನಿಮ್ಮ ಸರ್ವರನ್ನು ಕೇಳಬೇಕು. ಈಗಾಗಲೇ ಅಂಥ ಆಪ್ ಬಿಟ್ಟಿದ್ದರೆ ಹೊಸ ಕೀ ಮಾಡಿಸಿ, ಹಳೆಯದನ್ನು ರದ್ದು ಮಾಡಿ. ಕೋಡಿನಿಂದ ಅಳಿಸಿದರೆ ಮುಗಿಯಲಿಲ್ಲ, ಕೋಡಿನ ಹಳೆಯ ಆವೃತ್ತಿಗಳನ್ನೆಲ್ಲ ಉಳಿಸಿಕೊಳ್ಳುವ ಗಿಟ್ ಹಿಸ್ಟರಿಯಲ್ಲಿ ಅದು ಹಾಗೇ ಇರುತ್ತದೆ.