ಕಡಿಮೆ ಬಂಡವಾಳದ ಆನ್‌ಲೈನ್ ಅಂಗಡಿ

ಪ್ರಶ್ನೆ: ಪುರುಷರ ಬೆಲ್ಟ್, ಟೈ, ಪರ್ಸ್, ಕಫ್‌ಲಿಂಕ್‌ಗಳನ್ನು ಮಾರುವ ಸಣ್ಣ ಆನ್‌ಲೈನ್ ಅಂಗಡಿ ತೆರೆಯಬೇಕೆಂದಿದ್ದೇನೆ. ಬಂಡವಾಳ ಕಡಿಮೆಯಿದೆ. ಎಲ್ಲವನ್ನೂ ಒಟ್ಟಿಗೇ ಇಡಬೇಕೇ?

ಉತ್ತರ: ಬೇಡ. ಇರುವ ಹಣವನ್ನು ಹಲವು ಬಗೆಯ ಸರಕಿಗೆ ಹಂಚಿದರೆ ಯಾವುದರಲ್ಲೂ ಸಾಕಷ್ಟು ಆಯ್ಕೆ ಉಳಿಯುವುದಿಲ್ಲ. ಒಂದೆರಡು ಬಗೆಯಿಂದ ಆರಂಭಿಸಿ. ಟೈ, ಪರ್ಸ್‌ಗಳಲ್ಲಿ ಅಳತೆಯ ತೊಡಕು ಅಷ್ಟಾಗಿ ಇಲ್ಲ. ಬೆಲ್ಟ್‌ನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಅದರ ಅಳತೆಯನ್ನು ಸಾಮಾನ್ಯವಾಗಿ ಬಕಲ್‌ನಿಂದ ನಡುವಿನ ರಂಧ್ರದವರೆಗೆ ಲೆಕ್ಕ ಹಾಕುತ್ತಾರೆಯೇ ಹೊರತು ತುದಿಯವರೆಗಲ್ಲ. ಇದನ್ನು ಚಿತ್ರಸಹಿತ ವಿವರಿಸಿ, ಪ್ಯಾಂಟಿನ ಸೊಂಟದ ಅಳತೆಗಿಂತ ಸುಮಾರು 2 ಇಂಚು ಹೆಚ್ಚಿನದನ್ನು ಆರಿಸುವಂತೆ ತಿಳಿಸಿದರೆ ಬಹಳಷ್ಟು ದೂರುಗಳು ಹುಟ್ಟುವುದೇ ಇಲ್ಲ. ಚರ್ಮದ ಚೂರುಗಳನ್ನು ಅಂಟಿಸಿ ತಯಾರಿಸಿದ ಪಟ್ಟಿಯನ್ನು ಅಪ್ಪಟ ಚರ್ಮವೆಂದು ದಯವಿಟ್ಟು ಬರೆಯಬೇಡಿ. ರಂಧ್ರಗಳ ಸುತ್ತ ಪದರ ಕಿತ್ತುಬಂದಾಗ ಗ್ರಾಹಕರು ನಿಮ್ಮನ್ನೇ ದೂರುತ್ತಾರೆ, ಅದು ನ್ಯಾಯವೂ ಹೌದು. ವಾಪಸಾತಿಯ ನಿಯಮವನ್ನು ಹಣ ಪಾವತಿಸುವ ಮೊದಲೇ ಕಾಣುವಂತೆ ಪ್ರಕಟಿಸಿ.